ಸೌದೆಯಿಂದ ವಿದ್ಯುತ್: ಪ್ರೊ. ಎಚ್. ಎಸ್. ಮುಕುಂದ ಅವರ ಕಾರ್ಯ ಮತ್ತು ನಮ್ಮ ಪಂಚಾಯತಿಗಳು

ಗ್ರಾಮ ಪಂಚಾಯತಿಗಳ ಸಾಮಾನ್ಯ ಸಭೆಗಳಿಗೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ಪ್ರಸ್ತಾವನೆಗಳು ಹೆಚ್ಚಾಗಿ ಬರುತ್ತಿವೆ. ಸಗಣಿಯಿಂದ ಅನಿಲ, ಸೌದೆಯಿಂದ ವಿದ್ಯುತ್, ಹೊಂಗೆ ಬೀಜದಿಂದ ಇಂಜಿನ್ ಎಣ್ಣೆ ಎಂದು ಯಂತ್ರ ಮಾರುವವರು ಬಣ್ಣದ ಕರಪತ್ರ ಹಿಡಿದು ಬರುತ್ತಾರೆ. ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲು ಪಂಚಾಯತಿಯ ಬೆನ್ನ ಮೇಲಿನ ಹೊರೆಯಾಗಿರುವಾಗ ಇಂತಹ ಮಾತು ಕಿವಿಗೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಒಮ್ಮೆ ಠರಾವು ಆಗಿ, ಹಣ ಪಾವತಿಯಾಗಿ, ಯಂತ್ರ ಬಂದು ಕುಳಿತ ಮೇಲೆ ಅದನ್ನು ನಡೆಸುವ ಹೊಣೆ ಪಂಚಾಯತಿಯದೇ. ಯಂತ್ರ ತಂದವರು ಆಮೇಲೆ ದೂರವಾಣಿಗೂ ಸಿಗುವುದಿಲ್ಲ. ಆದುದರಿಂದ ಈ ತಂತ್ರಜ್ಞಾನಗಳು ನಮ್ಮ ರಾಜ್ಯದಲ್ಲಿ ಹೇಗೆ ಹುಟ್ಟಿದವು, ಯಾವ ಊರಿನಲ್ಲಿ ನಡೆದವು, ಎಲ್ಲಿ ಎಡವಿದವು ಎಂಬುದನ್ನು ಮಾನ್ಯ ಸದಸ್ಯರು ಅರಿತಿರುವುದು ಅಗತ್ಯ. ಈ ಇತಿಹಾಸದ ಬಹುಭಾಗ ನಡೆದಿರುವುದು ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಿನಲ್ಲಿ ಮತ್ತು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

ಮಲ್ಲೇಶ್ವರದ ಹಿರಿಯರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನವು ಅದಕ್ಕೆ ಭೂಮಿಯನ್ನು ದಾನವಾಗಿ ನೀಡಿತು. ಗಿಡಮರಗಳಿಂದ ಕೈಗಾರಿಕೆ ಕಟ್ಟುವ ಕೆಲಸ ಆ ಆವರಣಕ್ಕೆ ಹೊಸದೇನಲ್ಲ. ಮೊದಲನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಶ್ರೀಗಂಧದ ಕೊರಡುಗಳು ವಿದೇಶಕ್ಕೆ ಹೋಗದೆ ರಾಶಿ ಬಿದ್ದಾಗ, ಅದೇ ಸಂಸ್ಥೆಯ ರಸಾಯನ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಉದ್ಯಮ 1916ರಲ್ಲಿ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪಿನ ಮೂಲ ಅದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಸಂಸ್ಥಾನದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಉರುಟು ಒಲೆಯನ್ನು ಚಾಲಕನ ಸಹಾಯಕ ತಿರುಗಿಸಿ ಹೊತ್ತಿಸುತ್ತಿದ್ದುದನ್ನು ಚಾಮರಾಜಪೇಟೆ, ಬಸವನಗುಡಿಗಳ ವೃದ್ಧರ ಬಾಯಲ್ಲಿ ಕೇಳಿದವರು ಅನೇಕರು. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕ ಕೂಡಲೇ ಆ ಒಲೆಗಳು ಗುಜರಿ ಸೇರಿದವು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಮತ್ತೆ ಅವುಗಳ ನೆನಪಾಯಿತು.

ಹಾಗೆ ನೆನಪು ಮಾಡಿಕೊಂಡವರಲ್ಲಿ ಪ್ರೊ. ಎಚ್. ಎಸ್. ಮುಕುಂದ ಪ್ರಮುಖರು. ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಅಂತರಿಕ್ಷ ಇಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರಾಗಿದ್ದವರು. ದಹನವೇ ಅವರ ಶಾಸ್ತ್ರ. ರಾಕೆಟ್ಟಿನ ಇಂಧನ ಹೇಗೆ ಉರಿಯುತ್ತದೆ ಎಂಬುದನ್ನು ಅಧ್ಯಯನ ಮಾಡಿದವರಿಗೆ ಜಾಲಿ ಸೌದೆಯ ತುಂಡು ಹೇಗೆ ಉರಿಯುತ್ತದೆ ಎಂಬ ಪ್ರಶ್ನೆ ಕೆಳಮಟ್ಟದ್ದೆಂದು ಅನ್ನಿಸಲಿಲ್ಲ. ಅವರು ಮತ್ತು ಅದೇ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಜೊತೆಯಾಗಿ ಐದು ಅಶ್ವಶಕ್ತಿಯ ಪಂಪುಸೆಟ್ಟಿಗೆ ಹೊಂದುವ ಸೌದೆ ಅನಿಲ ಯಂತ್ರವನ್ನು ರೂಪಿಸಿ 1980ರ ದಶಕದ ಆರಂಭದಲ್ಲಿಯೇ ಅದರ ವಿವರಗಳನ್ನು ಪ್ರಕಟಿಸಿದರು. ಐದು ಅಶ್ವಶಕ್ತಿ ಎಂಬ ಆಯ್ಕೆಯನ್ನು ಗಮನಿಸಬೇಕು. ನಮ್ಮ ರೈತನ ಬಾವಿಯ ಮೇಲೆ ಕುಳಿತಿದ್ದ ಡೀಸೆಲ್ ಇಂಜಿನ್ನಿನ ಅಳತೆ ಅದೇ.

ಈ ಯಂತ್ರದ ಕಾರ್ಯವಿಧಾನವನ್ನು ಸ್ವಲ್ಪ ವಿವರಿಸುವೆನು, ಏಕೆಂದರೆ ಮುಂದೆ ಬರುವ ತೊಡಕುಗಳೆಲ್ಲ ಇದರಿಂದಲೇ ತಿಳಿಯುತ್ತವೆ. ಸೌದೆಗೆ ಯಥೇಚ್ಛ ಗಾಳಿ ಕೊಟ್ಟರೆ ಅದು ಪೂರ್ತಿ ಉರಿದು ಶಾಖ ಮಾತ್ರ ಉಳಿಯುತ್ತದೆ. ಬೇಕಾದುದಕ್ಕಿಂತ ಬಹಳ ಕಡಿಮೆ ಗಾಳಿ ಕೊಟ್ಟರೆ ಅದು ಅರೆಬರೆ ಉರಿದು ಇದ್ದಿಲಾಗುತ್ತದೆ. ಕೆಂಡವಾದ ಆ ಇದ್ದಿಲಿನ ಹಾಸಿಗೆಯ ಮೂಲಕ ಹೊಗೆ ಮತ್ತು ನೀರಾವಿ ಹಾದುಹೋಗುವಾಗ ಅವು ಉರಿಯಬಲ್ಲ ಅನಿಲಗಳಾಗಿ ಮಾರ್ಪಡುತ್ತವೆ. ಹೊರಬರುವ ಅನಿಲದಲ್ಲಿ ಐದನೆಯ ಒಂದು ಪಾಲಿನಷ್ಟು ಕಾರ್ಬನ್ ಮಾನಾಕ್ಸೈಡ್, ಹೆಚ್ಚುಕಡಿಮೆ ಅಷ್ಟೇ ಜಲಜನಕ, ಅಲ್ಪಸ್ವಲ್ಪ ಮೀಥೇನ್ ಇರುತ್ತವೆ. ಉಳಿದದ್ದು ಉರಿಯದ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಒಣಸೌದೆಯಿಂದ ಸುಮಾರು ಎರಡೂವರೆ ಘನ ಮೀಟರ್ ಅನಿಲ ದೊರೆಯುತ್ತದೆ. ಅದನ್ನು ತಣಿಸಿ, ತೊಳೆದು ಇಂಜಿನ್ನಿಗೆ ಊಡಿಸಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಕಿಲೋ ಅಥವಾ ಅದಕ್ಕಿಂತ ತುಸು ಹೆಚ್ಚು ಸೌದೆ ಬೇಕಾಗುತ್ತದೆ. ಮಾಮೂಲಿ ಡೀಸೆಲ್ ಇಂಜಿನ್ನಿನಲ್ಲಿ ಈ ಅನಿಲವನ್ನು ಬೆರೆಸಿ ಓಡಿಸಿದರೆ ಡೀಸೆಲ್ ಬಳಕೆಯ ಮುಕ್ಕಾಲು ಭಾಗ, ಚೆನ್ನಾಗಿ ನಡೆದರೆ ಇನ್ನೂ ಹೆಚ್ಚು, ಉಳಿಯುತ್ತದೆ.

ಎಲ್ಲ ತೊಡಕಿಗೂ ಮೂಲ ಟಾರು. ಸೌದೆ ಕಾದಾಗ ಬಿಡುವ ಜಿಗುಟಾದ ಹೊಗೆ ಅನಿಲದೊಡನೆ ಇಂಜಿನ್ನಿನೊಳಗೆ ಹೋದರೆ ಕವಾಟಗಳು ಅಂಟಿಕೊಂಡು ಕೆಲವೇ ದಿನಗಳಲ್ಲಿ ಯಂತ್ರ ನಿಲ್ಲುತ್ತದೆ. ಅಡುಗೆಮನೆಯ ಗೋಡೆಗೆ ಹಿಡಿಯುವ ಕಾಡಿಗೆಯನ್ನು ಒಮ್ಮೆ ಉಜ್ಜಿ ನೋಡಿದವರಿಗೆ ಇದರ ಸ್ವಭಾವ ತಿಳಿದಿರುತ್ತದೆ. ಮುಕುಂದ ಮತ್ತು ಅವರ ಸಹೋದ್ಯೋಗಿಗಳು ಪಾತ್ರೆಯ ಬಾಯನ್ನು ಮೇಲ್ಭಾಗದಲ್ಲಿ ತೆರೆದಿಟ್ಟು, ಗಾಳಿ ಮೇಲಿನಿಂದಲೂ ಪಕ್ಕದ ನಳಿಕೆಗಳಿಂದಲೂ ಬರುವಂತೆ ಮಾಡಿದರು. ಇದರಿಂದ ಕೆಂಡದ ಹಾಸಿಗೆ ದಪ್ಪವಾಗಿ, ಟಾರು ಅದರ ಮೂಲಕ ಕೆಳಗಿಳಿಯುವಾಗ ಬಹುಮಟ್ಟಿಗೆ ಒಡೆದುಹೋಗುತ್ತದೆ. ಕೇಳಲು ಸಣ್ಣ ಮಾರ್ಪಾಡು. ಆದರೆ ಪ್ರಯೋಗಾಲಯದ ಯಂತ್ರ ಹಳ್ಳಿಯಲ್ಲಿ ನಡೆಯುವ ಯಂತ್ರವಾದುದು ಇದರಿಂದ. ನಾವು ಇಂಜಿನಿಯರಿಂಗ್ ಓದಿದ ಪುಸ್ತಕಗಳಲ್ಲಿ ದಕ್ಷತೆಯ ಸೂತ್ರಗಳು ಪುಟಗಟ್ಟಲೆ ಇದ್ದವು, ಬೆಳಿಗ್ಗೆ ಬೂದಿ ತೆಗೆಯುವವರು ಯಾರು ಎಂಬ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ಮುಕುಂದ ಅವರ ಬಳಗ ಆ ಪ್ರಶ್ನೆಯನ್ನೂ ಕೇಳಬೇಕಾಯಿತು, ಏಕೆಂದರೆ ಯಂತ್ರ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಹೋಯಿತು.

ಕುಣಿಗಲ್ ತಾಲ್ಲೂಕೇ ಏಕೆ ಎಂದರೆ ಅಲ್ಲಿ ದಾರಿ ಆಗಲೇ ಸಿದ್ಧವಾಗಿತ್ತು. ಸಂಸ್ಥೆಯ ವಿದ್ಯುದ್ರಸಾಯನ ತಜ್ಞ ಪ್ರೊ. ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವನ್ನು ಸ್ಥಾಪಿಸಿ, ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರ ತೆರೆದಿದ್ದರು. ಸಮೀಪದ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳನ್ನು ಕೂಲಿಗೆ ಇಟ್ಟುಕೊಂಡು ಅನಿಲ ತಯಾರಿಸುವ ಈ ಸ್ಥಾವರವನ್ನು ಜೈವಿಕ ಕೈಗಾರಿಕೆಯ ಅತ್ಯಂತ ಹಳ್ಳಿಗಾಡಿನ ರೂಪವೆಂದು ಕರೆಯಬಹುದು. ಮೊದಲು ಅಡುಗೆಗೆ ಅನಿಲ ಕೊಡುವ ಯೋಜನೆ ಮಾಡಲಾಯಿತು. ಅದು ನಡೆಯಲಿಲ್ಲ. ಊರಿನವರಿಗೆ ಸೌದೆ ಹೇಗೋ ಸಿಗುತ್ತಿತ್ತು, ಅವರ ನಿಜವಾದ ಕಷ್ಟ ನೀರು. ಅದನ್ನು ತಿಳಿದ ಮೇಲೆ ಅನಿಲವನ್ನು ಏಳು ಅಶ್ವಶಕ್ತಿಯ ಇಂಜಿನ್ನಿಗೆ ಹರಿಸಿ, ಐದು ಕೆವಿಎ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಈ ವ್ಯವಸ್ಥೆ ಗ್ರಾಮಸ್ಥರ ಸಭೆಯ ಮೇಲ್ವಿಚಾರಣೆಯಲ್ಲಿ ವರ್ಷಗಳ ಕಾಲ ನಡೆಯಿತು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ ಕೂಲಿ, ಅನಿಲ ಬಿಟ್ಟ ಬಗ್ಗಡ ಗೊಬ್ಬರವಾಗಿ ಅವರಿಗೇ ಹಿಂದಕ್ಕೆ. ಸಗಣಿಯ ಒಡೆತನದ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಎಂತಹ ಜಗಳಗಳಾಗುತ್ತವೆ ಎಂಬುದನ್ನು ಬಲ್ಲ ಸದಸ್ಯರಿಗೆ ಈ ಲೆಕ್ಕಾಚಾರದ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ.

ಪುರದ ಅನುಭವವನ್ನು ನೋಡಿಯೇ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆ ಅನಿಲದ ಪ್ರಯೋಗ ಆರಂಭವಾಯಿತು. ಸುಮಾರು 35 ಮನೆಗಳ ಆ ಊರಿಗೆ ಆಗ ವಿದ್ಯುತ್ ಇರಲಿಲ್ಲ. 1988ರಲ್ಲಿ 3.7 ಕಿಲೋವಾಟ್ ಸಾಮರ್ಥ್ಯದ ಯಂತ್ರದಿಂದ ದೀಪಗಳು ಹೊತ್ತಿದವು. ಅನಂತರ ಹಿಟ್ಟಿನ ಗಿರಣಿ, ಕುಡಿಯುವ ನೀರು, ಕೊನೆಗೆ 20 ಕಿಲೋವಾಟಿನ ದೊಡ್ಡ ಯಂತ್ರ ಮತ್ತು ನೀರಾವರಿ. ಸೌದೆಗಾಗಿ ಕಾಡಿಗೆ ಕೈ ಹಾಕದೆ ಎರಡು ಹೆಕ್ಟೇರಿನಲ್ಲಿ ಶಕ್ತಿವನ ಬೆಳೆಸಲಾಯಿತು. ಈ ಕೆಲಸದಲ್ಲಿ ಅಸ್ತ್ರದ ಪ್ರೊ. ಎನ್. ಎಚ್. ರವೀಂದ್ರನಾಥ್ ಅವರ ಪಾಲು ದೊಡ್ಡದು. ಹದಿನಾಲ್ಕು ವರ್ಷಗಳಿಗೂ ಮೀರಿದ ಅನುಭವವನ್ನು ಅವರು ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ದಿನಗಳಲ್ಲಿ ದೀಪ ಮತ್ತು ನೀರು ತಪ್ಪದೆ ದೊರೆತಿದ್ದವು. ಆ ಕಾಲದ ಗ್ರಿಡ್ ವಿದ್ಯುತ್ತನ್ನು ನಂಬಿದ್ದ ಎಷ್ಟೋ ಹಳ್ಳಿಗಳು ಈ ಸಂಖ್ಯೆಯನ್ನು ಕಂಡು ಅಸೂಯೆ ಪಡಬಹುದಿತ್ತು.

ಅದೇ ವರದಿಯ ಇನ್ನೊಂದು ಲೆಕ್ಕವನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿಡಬೇಕೆಂದು ನನ್ನ ಕೋರಿಕೆ. ಯಂತ್ರಕ್ಕೆ ಐದು ಕಿಲೋವಾಟ್ ಹೊರೆ ಮಾತ್ರ ಇದ್ದಾಗ ಇಂಧನ ಮತ್ತು ನಿರ್ವಹಣೆಯ ವೆಚ್ಚ ಯೂನಿಟ್ಟಿಗೆ 5.85 ರೂಪಾಯಿ ಬಿತ್ತು. ಪೂರ್ಣ 20 ಕಿಲೋವಾಟ್ ಹೊರೆ ಇದ್ದಾಗ 3.34 ರೂಪಾಯಿಗೆ ಇಳಿಯಿತು. ಅದೇ ಯಂತ್ರ, ಅದೇ ಸೌದೆ, ಅದೇ ಆಪರೇಟರ್. ಸಂಜೆ ಮೂರು ಗಂಟೆ ದೀಪಕ್ಕೆ ಮಾತ್ರ ಓಡುವ ಯಂತ್ರ ನಷ್ಟದಲ್ಲಿಯೇ ಓಡುತ್ತದೆ. ಹಗಲಿನಲ್ಲಿ ಗಿರಣಿ, ಪಂಪು, ಐಸ್ ಕಾರ್ಖಾನೆ ಅಥವಾ ರೇಷ್ಮೆ ನೂಲು ತೆಗೆಯುವ ಘಟಕ ಹೀಗೆ ಏನಾದರೂ ಹೊರೆ ಇದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಯಂತ್ರ ಮಾರಲು ಬಂದವರು ಸಾಮರ್ಥ್ಯವನ್ನಷ್ಟೇ ಹೇಳುತ್ತಾರೆ, ಹೊರೆಯ ವಿಚಾರವನ್ನು ನಾವಾಗಿಯೇ ಕೇಳಬೇಕು.

ಈ ಪ್ರಯೋಗಗಳ ಬಲದ ಮೇಲೆ ನಮ್ಮದೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 2001ರಲ್ಲಿ ‘ಬೇರಿ’ ಯೋಜನೆಯನ್ನು ತುಮಕೂರು ಜಿಲ್ಲೆಯಲ್ಲಿ ಕೈಗೆತ್ತಿಕೊಂಡಿತು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಸಾಮರ್ಥ್ಯದ ಸ್ಥಾವರ ನಿಂತು, 2007ರ ಸುಮಾರಿಗೆ ಅಲ್ಲಿನ ವಿದ್ಯುತ್ ಗ್ರಿಡ್ಡಿಗೆ ಹರಿಯಿತು. ಹಳ್ಳಿಯೊಂದು ಬೆಸ್ಕಾಂಗೆ ವಿದ್ಯುತ್ ಮಾರುತ್ತಿದೆ ಎಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಸಂಭ್ರಮ ಅನುಚಿತವಾಗಿರಲಿಲ್ಲ. ಶಕ್ತಿವನ, ಗೋಬರ್ ಗ್ಯಾಸ್, ಸಮಿತಿಗಳು, ತರಬೇತಿ ಎಲ್ಲವೂ ಯೋಜನೆಯಲ್ಲಿದ್ದವು. ಆದರೆ ಮಾರಾಟ ದರ ಯೂನಿಟ್ಟಿಗೆ ಮೂರು ರೂಪಾಯಿಗೂ ಕಡಿಮೆ, ಉತ್ಪಾದನಾ ವೆಚ್ಚ ಅದಕ್ಕಿಂತ ಹೆಚ್ಚು. ನೆಟ್ಟ ಗಿಡ ಸೌದೆಯಾಗುವವರೆಗೆ ರೈತರಿಂದ ಮರ ಕೊಳ್ಳಬೇಕು, ಅದಕ್ಕೆ ಇಟ್ಟಿಗೆ ಗೂಡಿನವರೊಡನೆ ಪೈಪೋಟಿ. ಗ್ರಿಡ್ ನಿಂತಾಗ ಯಂತ್ರವನ್ನೂ ನಿಲ್ಲಿಸಬೇಕು. ತಂತ್ರಜ್ಞಾನ ಕೈಕೊಟ್ಟಿತೆಂದು ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೈಕೊಟ್ಟಿದ್ದು ದರದ ಲೆಕ್ಕ. ಬೇಕಾದಾಗ ಉತ್ಪಾದಿಸಬಲ್ಲ ವಿದ್ಯುತ್ತಿಗೂ ಗ್ರಿಡ್ಡಿನ ಸಗಟು ವಿದ್ಯುತ್ತಿಗೂ ಒಂದೇ ಬೆಲೆ ಕಟ್ಟಿದರೆ ಸಣ್ಣ ಸ್ಥಾವರ ಉಳಿಯುವುದಿಲ್ಲ.

ಇತ್ತ ಪ್ರೊ. ಶ್ರೀನಿವಾಸ ಬೇರೊಂದು ದಾರಿ ಹಿಡಿದಿದ್ದರು. ಹಳ್ಳಿಯ ಮುದುಕಿಯರು ದೀಪಕ್ಕೆ ಹಾಕುತ್ತಿದ್ದ ಹೊಂಗೆ ಎಣ್ಣೆಯನ್ನೇ ಡೀಸೆಲ್ ಇಂಜಿನ್ನಿಗೆ ಹಾಕಿ ಓಡಿಸಿದರು. ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯ ಜನರೇಟರ್ ನೀರೆತ್ತಿ ಒಣಭೂಮಿಗೆ ಹಸಿರು ತಂದಿತು. ದಾಂಡೇಲಿ ಫೆರೋ ಅಲಾಯ್ಸ್ ಕಾರ್ಖಾನೆಯ ಜನರೇಟರುಗಳೂ 1999ರಲ್ಲಿ ಈ ಎಣ್ಣೆಗೆ ಹೊರಳಿದವು. ಹೊಂಗೆ ಬೀಜದಲ್ಲಿ ನೂರಕ್ಕೆ ಮೂವತ್ತರಷ್ಟು ಎಣ್ಣೆ ಇದ್ದು, ಸಾಧಾರಣ ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಸಿಗುತ್ತದೆ. ಒಂದು ಲೀಟರಿನಿಂದ ಸುಮಾರು ಮೂರು ಯೂನಿಟ್ ವಿದ್ಯುತ್. ಹಿಂಡಿ ಉತ್ತಮ ಗೊಬ್ಬರ. ಮರ ಬದುವಿನಲ್ಲಿ ಬೆಳೆಯುತ್ತದೆ, ದನ ಮೇಯುವುದಿಲ್ಲ, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ರಾಜ್ಯವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ತಂದಿತು, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ನೆಡುವ ಕಾರ್ಯಕ್ರಮಗಳು ಬಂದವು. ಬಸವನಗುಡಿಯ ಬೀದಿಗಳಲ್ಲಿ ಬೇಸಿಗೆಯ ಆರಂಭಕ್ಕೆ ಹೊಂಗೆ ಹೂವು ಹಾಸಿಗೆಯಂತೆ ಉದುರುತ್ತದೆ. ಆ ಬೀದಿಗಳ ಕಾಯಿಯೆಲ್ಲ ಗುಡಿಸಿ ಕಸದ ಲಾರಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ಮುಕುಂದ ಅವರ ವೃತ್ತಿಜೀವನ ದೊಡ್ಡ ಯಂತ್ರಗಳಿಗೇ ಮುಗಿಯಲಿಲ್ಲ. ಅದೇ ಅನಿಲೀಕರಣ ತತ್ತ್ವವನ್ನು ತಲೆಕೆಳಗು ಮಾಡಿ, ಸಣ್ಣ ಫ್ಯಾನ್ ಇಟ್ಟು, ಹೊಗೆಯಿಲ್ಲದ ಅಡುಗೆ ಒಲೆಯನ್ನು ಅವರ ಬಳಗ ರೂಪಿಸಿತು. ಬ್ರಿಟಿಷ್ ಪೆಟ್ರೋಲಿಯಂ ಸಂಸ್ಥೆ ಅದನ್ನು ‘ಊರ್ಜಾ’ ಎಂಬ ಹೆಸರಿನಲ್ಲಿ 2006ರಿಂದ ಮಾರಿತು. ನಾಲ್ಕು ಲಕ್ಷದಷ್ಟು ಮನೆಗಳಿಗೆ ಒಲೆ ತಲುಪಿತು. ಒಲೆಗೆ ಹಾಕುವ ಉಂಡೆಗಳನ್ನು ಕೃಷಿತ್ಯಾಜ್ಯದಿಂದ ಮಾಡುತ್ತಿದ್ದರು. ತ್ಯಾಜ್ಯಕ್ಕೆ ಬೇಡಿಕೆ ಹುಟ್ಟಿದಂತೆ ಅದಕ್ಕೂ ಬೆಲೆ ಬಂತು, ಉಂಡೆ ದುಬಾರಿಯಾಯಿತು, ಮನೆಗಳವರು ಒಲೆಯನ್ನು ಅಟ್ಟಕ್ಕೇರಿಸಿದರು. ಕರಪತ್ರಗಳಲ್ಲಿ ‘ತ್ಯಾಜ್ಯ ಉಚಿತ’ ಎಂಬ ಮಾತು ಕಂಡಾಗಲೆಲ್ಲ ನನಗೆ ಈ ಒಲೆ ನೆನಪಾಗುತ್ತದೆ. ಅವರ ಶಿಷ್ಯಪರಂಪರೆಯ ಪ್ರೊ. ಎಸ್. ದಾಸಪ್ಪ ಇತ್ತೀಚೆಗೆ ಅದೇ ಸಂಸ್ಥೆಯಲ್ಲಿ ಸೌದೆಯ ಜೊತೆ ಹಬೆ ಮತ್ತು ಆಮ್ಲಜನಕ ಬಳಸಿ ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ತೆಗೆದು ತೋರಿಸಿದ್ದಾರೆ. ಒಂದು ಕಿಲೋ ಸೌದೆಯಲ್ಲಿ ಇರುವ ಜಲಜನಕ 60 ಗ್ರಾಂ ಮಾತ್ರ, ಉಳಿದದ್ದು ಹಬೆಯಿಂದ ಬರುತ್ತದೆ. ಇದು ಇನ್ನೂ ಪಂಚಾಯತಿಯ ಮಟ್ಟದ ವಿಚಾರವಲ್ಲ.

ಪಂಚಾಯತಿಯ ಮಟ್ಟದ ವಿಚಾರ ಇಷ್ಟು. ಊರಿನ ಐದು ಅಶ್ವಶಕ್ತಿಯ ನೀರಿನ ಪಂಪನ್ನು ದಿನಕ್ಕೆ ಐದು ಗಂಟೆ ಸೌದೆ ಅನಿಲದಿಂದ ಓಡಿಸಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೆ 18ರಿಂದ 19 ಯೂನಿಟ್, ಅಂದರೆ ಸುಮಾರು 22 ಕಿಲೋ ಒಣಸೌದೆ, ವರ್ಷಕ್ಕೆ ಎಂಟು ಟನ್. ಮಳೆಯಾಶ್ರಿತ ಭೂಮಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಐದಾರು ಟನ್ ಸೌದೆ ಬಂದೀತು. ಹಾಗಾದರೆ ಮೂರೂವರೆಯಿಂದ ನಾಲ್ಕು ಎಕರೆ ಶಕ್ತಿವನ ಬೇಕು. ಗೋಮಾಳದಲ್ಲಿ ಅಷ್ಟು ಜಾಗ ತೆರವಾಗಿದೆಯೇ, ಸರ್ವೆ ಆಗಿದೆಯೇ, ಅಲ್ಲಿ ಕುರಿ ಮೇಯಿಸುವವರು ಎಲ್ಲಿಗೆ ಹೋಗಬೇಕು? ಗಿಡ ಸೌದೆಯಾಗಲು ಮೂರು ನಾಲ್ಕು ವರ್ಷ, ಹೊಂಗೆ ಕಾಯಿ ಬಿಡಲು ಅದಕ್ಕಿಂತ ಹೆಚ್ಚು. ಸದಸ್ಯರ ಅವಧಿ ಐದು ವರ್ಷ. ನೆಟ್ಟವರೊಬ್ಬರು, ಕಡಿಯುವವರೊಬ್ಬರು. ಉದ್ಯೋಗ ಖಾತರಿಯಲ್ಲಿ ಗುಂಡಿ ತೋಡಿಸುವುದು ಸುಲಭ, ಎರಡನೆಯ ಬೇಸಿಗೆಯಲ್ಲಿ ನೀರು ಹಾಕಿಸುವುದು ಕಷ್ಟ. ಹೀಗಾಗಿ ಯಂತ್ರಕ್ಕಿಂತ ಮೊದಲು ಗಿಡ ಬರಬೇಕು, ಗಿಡಕ್ಕಿಂತ ಮೊದಲು ಜಾಗದ ಬಗ್ಗೆ ಗ್ರಾಮಸಭೆಯ ಒಪ್ಪಿಗೆ ಬರಬೇಕು.

ಸೌದೆಯ ತೇವ ನೂರಕ್ಕೆ ಹದಿನೈದು, ಇಪ್ಪತ್ತನ್ನು ಮೀರಬಾರದು. ಮಳೆಗಾಲದಲ್ಲಿ ಅದನ್ನು ಒಣಗಿಸಿಡಲು ಕೊಟ್ಟಿಗೆ ಬೇಕು. ಅಂದಾಜುಪಟ್ಟಿಗಳಲ್ಲಿ ಇದು ಬಿಟ್ಟುಹೋಗುವುದನ್ನು ನೋಡಿದ್ದೇನೆ. ಸೌದೆಯ ಬೂದಿ ನೂರಕ್ಕೆ ಒಂದರಷ್ಟು, ಭತ್ತದ ಹೊಟ್ಟಿನ ಬೂದಿ ಇಪ್ಪತ್ತರಷ್ಟು. ಆದುದರಿಂದ ಸೌದೆಗೆಂದು ಮಾಡಿದ ಯಂತ್ರಕ್ಕೆ ಹೊಟ್ಟು ಹಾಕಲಾಗದು. ಅನಿಲ ತೊಳೆದ ನೀರಿನಲ್ಲಿ ಟಾರಿನ ವಿಷಾಂಶಗಳಿರುತ್ತವೆ, ಅದನ್ನು ಶುದ್ಧೀಕರಿಸದೆ ಚರಂಡಿಗೆ ಅಥವಾ ಕೆರೆಗೆ ಬಿಡುವಂತಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಪ್ರಾಣಾಪಾಯ. ಯಂತ್ರದ ಮನೆಗೆ ನಾಲ್ಕೂ ಕಡೆ ಗೋಡೆ ಕಟ್ಟಿಸಿ ಕಿಟಕಿ ಮುಚ್ಚಿಸುವುದು ಭದ್ರತೆಯಲ್ಲ.

ಸದ್ಯಕ್ಕೆ ನಮ್ಮ ಪಂಚಾಯತಿಗಳಿಗೆ ಹೆಚ್ಚು ಹತ್ತಿರವಾಗಿರುವುದು ಸ್ವಚ್ಛ ಭಾರತ ಮಿಷನ್ ಗ್ರಾಮೀಣದ ‘ಗೋಬರ್ಧನ್’. ಮಿಷನ್ನಿನ ಎರಡನೇ ಹಂತದಲ್ಲಿ ಇದಕ್ಕಾಗಿ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಗಿತ್ತು. ಇಲ್ಲಿಯೂ ಪುರದ ಲೆಕ್ಕವೇ ಅನ್ವಯಿಸುತ್ತದೆ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು, ಒಂದು ಹಸು ದಿನಕ್ಕೆ ಕೊಡುವುದು ಹತ್ತು ಕಿಲೋ ಸುಮಾರು. ಮೇಯಲು ಹೊರಗೆ ಬಿಟ್ಟ ದನದ ಸಗಣಿಯ ಅರ್ಧಕ್ಕರ್ಧ ಕೊಟ್ಟಿಗೆಗೆ ಬರುವುದೇ ಇಲ್ಲ. ಪಶುಗಣತಿಯ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಸಿದ್ಧಪಡಿಸಿದ ಯೋಜನಾ ವರದಿ ಸಭೆಯ ಮುಂದೆ ಬಂದರೆ, ಅದನ್ನು ಮಂಜೂರು ಮಾಡುವ ಮೊದಲು ಒಂದು ವಾರ ಕಾಲ ಡೈರಿಯ ಬಳಿ ಸಗಣಿಯನ್ನು ತೂಕ ಮಾಡಿಸುವಂತೆ ಠರಾವು ಮಾಡಬಹುದು. ಅದಕ್ಕೆ ಬೇಕಾಗುವುದು ಒಂದು ತೂಕದ ಯಂತ್ರ, ಒಂದು ನೋಟ್ ಪುಸ್ತಕ ಮತ್ತು ಬೆಳಿಗ್ಗೆ ಆರು ಗಂಟೆಗೆ ಅಲ್ಲಿರಲು ಒಪ್ಪುವ ಒಬ್ಬ ಸದಸ್ಯರು.